ಷಡಕ್ಷರಿಯ ಕೈ ಆಕ್ಸಿಲರೇಟರ್

ತಿಗನಾರೆಯ ಷಡಕ್ಷರಿಯ ಜೀಪು ಅಂದು ಬೆಳಿಗ್ಗೆ ಊರ ಕೆರೆಯ ತಿರುವಿನಲ್ಲಿ, ಹೇಳದೆ ಕೇಳದೆ, ಇದ್ದಕ್ಕಿದ್ದಂತೆ ಓಟ ಕಿತ್ತಿತು. ಷಡಕ್ಷರಿಯ ಬಲಗಾಲು ಆಗ ಪೆಡಲಿನ ಮೇಲೆ ಇರಲೇ ಇಲ್ಲ. ಪಕ್ಕಕ್ಕೆ ನೀಟಾಗಿ ಚಾಚಿಕೊಂಡಿತ್ತು. ಜೀಪು ಮಾತ್ರ ಹಗ್ಗ ಹರಿದ ಹೋರಿಯಂತೆ ನುಗ್ಗಿ, ನೆರೆಮನೆಯ ಶಿವಶಂಕರಪ್ಪ ರಸ್ತೆಯ ಮೇಲೆ ಹರಡಿದ್ದ ಹುರುಳಿಯ ಮೇಲೆ ಹಾದು, ಅರ್ಧ ಹುರುಳಿಯನ್ನು ಬೇಲಿಗೆ ಎರಚಿತು. ಷಡಕ್ಷರಿ ಕೈಬ್ರೇಕು ಎಳೆದು ಸ್ವಿಚ್ಚು ಆರಿಸಿ ಅಂತೂ ಅದನ್ನು ನಿಲ್ಲಿಸಿದ.

ಶಿವಶಂಕರಪ್ಪ ಓಡಿಬಂದ. ಬೈಯುತ್ತಾನೆ ಎಂದು ಷಡಕ್ಷರಿ ಕಾದ. ಆದರೆ ಶಿವಶಂಕರಪ್ಪ ಬೈಯಲಿಲ್ಲ. ರಸ್ತೆಗೆ ಹರಡಿದ್ದೇ ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದಲ್ಲವೇ, ಒಳ್ಳೆಯದೇ ಆಯಿತು ಎಂದು ಸಮಾಧಾನ ಹೇಳಿ, ಜೀಪಿನ ಮೂತಿಯನ್ನು ಒಮ್ಮೆ ಮೆಲ್ಲಗೆ ಸವರಿ ಹೋದ. ಬೈಯಬೇಕಾದ ಕಡೆ ಬೈಯದ ಮನುಷ್ಯನನ್ನು ಷಡಕ್ಷರಿ ಎಂದೂ ನಂಬಿದವನಲ್ಲ. ಈತ ಇದೇ ಜೀಪನ್ನು ಕೊಳ್ಳಬೇಕೆಂದು ಒಂದು ಕಾಲದಲ್ಲಿ ಓಡಾಡಿದ್ದ ಎಂಬುದು ಅವನಿಗೆ ಅಲ್ಲೇ ನೆನಪಾಯಿತು.

ಈ ಜೀಪಿನ ಮರ್ಮವನ್ನು ಒಂದಿಷ್ಟು ಹೇಳಬೇಕು. ಕೆಲವು ವರ್ಷಗಳ ಹಿಂದೆ ಹೊಲ ಕಾಯುವ ಅಟ್ಟಣೆಯ ಮೇಲೆ ಮಲಗಿದ್ದ ಷಡಕ್ಷರಿ ಆನೆ ಬಂತೆಂದು ಕೆಳಗೆ ಹಾರಿದ. ಬಂದದ್ದು ಅವನದೇ ಎಮ್ಮೆ. ಅಂದಿನಿಂದ ಅವನ ಬಲಮಂಡಿ ಮಡಿಸಲು ಬಾರದು. ಬ್ರೇಕು ಒದೆಯಲು ಆ ಕಾಲು ಸಾಕಾಗುತ್ತಿತ್ತು; ಆದರೆ ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಒತ್ತಿ ಹಿಡಿದುಕೊಂಡಿರಲು ಆಗುತ್ತಿರಲಿಲ್ಲ. ಹಾಗಿರುವಾಗ ನೀಲಗಿರಿಯ ಕಡೆಯ ಎಸ್ಟೇಟೊಂದರಲ್ಲಿ ಈ ಹಳೆಯ ಜೀಪು ಕಣ್ಣಿಗೆ ಬಿತ್ತು. ನಿಂತಲ್ಲೇ ಇಂಜಿನ್ ಓಡಿಸಿ ನೀರು ಎತ್ತಲು ಅವರು ಅದನ್ನು ಬಳಸುತ್ತಿದ್ದರು. ಅದಕ್ಕೆಂದೇ ಸ್ಟೀರಿಂಗಿನ ಪಕ್ಕದಲ್ಲಿ ಒಂದು ಕರಿ ಗುಂಡಿ ಇತ್ತು. ಅದನ್ನು ಬೇಕಾದಷ್ಟು ಎಳೆದು ಬಿಟ್ಟರೆ ಒಂದು ವೈರು ಇಂಜಿನ್ನನ್ನು ಅಷ್ಟೇ ಹದದಲ್ಲಿ ಹಿಡಿದಿಡುತ್ತಿತ್ತು. ಕಾಲು ಇಡುವುದೇ ಬೇಡ, ಜೀಪು ಒಂದೇ ವೇಗದಲ್ಲಿ ತಾನಾಗಿ ಸಾಗುತ್ತಿತ್ತು. ಈ ಕೈ ಆಕ್ಸಿಲರೇಟರಿನಿಂದಾಗಿ ಊರಿನವರ ಬಾಯಲ್ಲಿ ಕುಂಟ ಷಡಕ್ಷರಿ ಆಗಿದ್ದವನು ಜೀಪಿನ ಷಡಕ್ಷರಿ ಆದ. ಎಲೆ ಅಡಿಕೆ ಮಡಿಸುತ್ತಾ ಜೀಪು ಓಡಿಸಬಲ್ಲವನು ತಾಳವಾಡಿ ಸೀಮೆಯಲ್ಲಿ ತಾನೊಬ್ಬನೇ ಎಂದು ಅವನು ಸಂತೆಯಲ್ಲಿ ಹೇಳಿಕೊಂಡು ಓಡಾಡಿದ.

ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಜೀಪು ಹಳ್ಳ ಬಿದ್ದ ಕಡೆಗಳಲ್ಲಿ ಒಮ್ಮೊಮ್ಮೆ ಮುಗ್ಗರಿಸಿ ಮುಂದಕ್ಕೆ ಹಾರತೊಡಗಿತು. ಬರಬರುತ್ತಾ ಕಾಯಿಲೆ ಹೆಚ್ಚಿತು. ಹಿಂದಿನ ಸಲ ಮಗಳು ಸಣ್ಣಮ್ಮನನ್ನು ನೋಡಲು ಬಂದ ಗಂಡಿನ ಕಡೆಯವರು ಅರ್ಧ ದಾರಿಯಲ್ಲೇ ಇಳಿದು, ಕಾಡಿನ ಭಯವನ್ನೂ ಮರೆತು, ಬಂದ ದಾರಿಯಲ್ಲೇ ನಡೆದುಬಿಟ್ಟಿದ್ದರು. ಆ ಸಂಬಂಧ ಅಲ್ಲಿಗೆ ಮುರಿಯಿತು.

ಇವತ್ತು ಮತ್ತೊಂದು ಸಂಬಂಧ. ಸತ್ಯಮಂಗಲದ ಹುಡುಗ, ಸಣ್ಣಮ್ಮನನ್ನು ನೆಂಟರ ಮದುವೆಯಲ್ಲಿ ನೋಡಿ ಒಪ್ಪಿಯಾಗಿತ್ತು. ಅವನ ತಾಯಿ ಬಂಗಾರಮ್ಮ ಮನೆ ನೋಡಿ ಮಾತು ಮುಗಿಸುವುದಷ್ಟೇ ಬಾಕಿ. ಗಂಡ ಹೆಂಡತಿ ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಘಾಟಿ ಹತ್ತಿ ದಿಂಬಂನಲ್ಲಿ ಇಳಿಯುವವರಿದ್ದರು. ಅಲ್ಲಿಂದ ತಾಳಮಲೆಯ ಕಾಡುದಾರಿಯಲ್ಲಿ ಅವರನ್ನು ಕರೆತರುವುದು ಜೀಪಿನ ಕೆಲಸ. ಷಡಕ್ಷರಿಯ ಹೆಂಡತಿ ಶಿವಮಲ್ಲಮ್ಮ ಬೆಳಿಗ್ಗೆ ಅವನ ಮುಂದೆ ಕಾಫಿ ಲೋಟ ಇಟ್ಟು, ಮಾತನ್ನೂ ಜೊತೆಗೇ ಇಟ್ಟಿದ್ದಳು.

"ನೋಡಿ, ಈ ಸಂಬಂದ್ವೂ ನಿಮ್ಮ ಗಾಡಿಯಿಂದ ಮುರುದ್ರೆ ನಾ ಸುಮ್ಗಿರಾಕಿಲ್ಲ. ನಾಳೆಯಿಂದ ಗಾಡಿ ನನ್ನ ತಮ್ಮನ ಕೈಗ. ನೀವು ಇಂದ್ಗಡೆ ಸೀಟ್ಲಿ ಕೂತ್ಕಳಿ."

ತಮ್ಮ ಎಂದರೆ ಬಸವಣ್ಣ. ಇತ್ತೀಚೆಗೆ ಡ್ರೈವಿಂಗ್ ಕಲಿತು ಬಂದಿದ್ದ. ಅಕ್ಕನ ಮನೆಗೆ ಎರಡು ದಿನಕ್ಕೆಂದು ಬಂದವನು ಹೊರಡುವ ಮಾತೇ ಆಡುತ್ತಿರಲಿಲ್ಲ. ಜೀಪು ಕೆಟ್ಟರೆ ಲಾಭ ಯಾರಿಗೆ ಎಂದು ಯೋಚಿಸಿದರೆ ಷಡಕ್ಷರಿಗೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ. ಗಾಡಿಗೆ ಯಾರೋ ಕೈ ಹಾಕುತ್ತಿದ್ದಾರೆ ಎಂಬುದು ಖಂಡಿತ. ಬಸವಣ್ಣನೋ, ಶಿವಶಂಕರಪ್ಪನೋ, ಇಬ್ಬರೂ ಸೇರಿಯೋ ಎಂಬುದಷ್ಟೇ ಅನುಮಾನ.

ಷಡಕ್ಷರಿ ಹುರುಳಿಯ ಸಿಪ್ಪೆ ಮೆತ್ತಿದ ಜೀಪನ್ನು ನೇರವಾಗಿ ತಾಳವಾಡಿಗೆ, ಲಿಂಗಯ್ಯನ ಶೆಡ್ಡಿಗೆ ಒಯ್ದ. ಲಿಂಗಯ್ಯ ಹುಣಸೆಮರದ ಕೆಳಗೆ ಲಾರಿ, ಪಂಪ್‌ಸೆಟ್ಟು, ಹೊಲಿಗೆ ಮಿಷನ್ನು ಎಲ್ಲಕ್ಕೂ ಔಷಧ ಕೊಡುವ ಮೆಕ್ಯಾನಿಕ್ಕು. ಷಡಕ್ಷರಿ ಚಾಚಿದ ಕಾಲನ್ನು ಕಲ್ಲಿನ ಮೇಲೆ ಇಟ್ಟುಕೊಂಡು ಪಕ್ಕದಲ್ಲೇ ಕುಳಿತ. ಮೆಕ್ಯಾನಿಕ್ಕುಗಳು ಒಳ್ಳೆಯ ಸಾಮಾನು ಬಿಚ್ಚಿ ಕೆಟ್ಟದ್ದು ಹಾಕುತ್ತಾರೆಂದು ಯಾರೋ ಹೇಳಿದ್ದರಿಂದ, ಬಾನೆಟ್ ಎತ್ತಿದಾಗಲೆಲ್ಲ ಅವನು ನೋಡುತ್ತಿದ್ದುದು ಇಂಜಿನ್ನನ್ನಲ್ಲ, ಮೆಕ್ಯಾನಿಕ್ಕಿನ ಕೈಗಳನ್ನು.

ಲಿಂಗಯ್ಯ ಬಾನೆಟ್ ಎತ್ತಿದ. ಒಳಗೆ ಬಗ್ಗಿ ನೋಡಿದ. ಬಾಯಲ್ಲಿದ್ದ ಬೀಡಿಯನ್ನು ತೆಗೆದು ಎಸೆದ. ಆಮೇಲೆ ಕಾಲಿನ ಚಪ್ಪಲಿಯನ್ನು ದೂರ ಬಿಟ್ಟು ಬಂದು ಕೆಲಸಕ್ಕೆ ಕೈ ಹಾಕಿದ. ಕೆಲಸ ಮಾಡಲು ಚಪ್ಪಲಿ ಬಿಡುವ ಮೆಕ್ಯಾನಿಕ್ಕನ್ನು ಷಡಕ್ಷರಿ ಕಂಡಿರಲಿಲ್ಲ. ಓಡಿಹೋಗಲು ಅನುಕೂಲವಾಗಲಿ ಎಂದೇ ಇರಬೇಕೆಂದು ಊಹಿಸಿ ಅವನು ಕಾಲಿಟ್ಟಿದ್ದ ಕಲ್ಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

ಲಿಂಗಯ್ಯ ಪ್ಲಗ್ಗು ಒರೆಸಿದ, ಕಾರ್ಬೊರೇಟರ್ ಊದಿದ, ಸ್ಪ್ರಿಂಗು ಬದಲಿಸಿದ. ಶೆಡ್ಡಿನ ಮುಂದಿನ ಸಪಾಟು ಜಾಗದಲ್ಲಿ ಕರಿ ಗುಂಡಿ ಎಳೆದು ಒಂದು ಸುತ್ತು ಓಡಿಸಿದ. ಜೀಪು ಮಠದ ಹುಡುಗನಂತೆ ವಿನಯದಿಂದ ಓಡಿತು. ಷಡಕ್ಷರಿ ಇದನ್ನು ಒಪ್ಪಲಿಲ್ಲ. ಸಪಾಟಿನಲ್ಲಿ ಓಡುವುದನ್ನು ನೋಡಲು ತಾನು ಇಷ್ಟು ದೂರ ಬರಬೇಕಿತ್ತೇ, ರೋಗ ಇರುವುದು ಗುಂಡಿಯ ವೈರಿನಲ್ಲೇ, ಅದನ್ನು ಬಿಚ್ಚಿ ನೋಡು ಎಂದು ಪಟ್ಟು ಹಿಡಿದ. ಲಿಂಗಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ಗಾಡಿಲಿ ಕಾಯ್ಲೆ ಇಲ್ಲ ಯಜಮಾನ್ರೆ. ಆ ವೈರ್ ತಾವ್ಕ ಮಾತ್ರ ನಾ ಕೈ ಆಕಾಕಿಲ್ಲ."

"ಯಾಕ್ಲಾ?"

"ನಂಗೂ ಎಂಡ್ರು ಮಕ್ಕ ಅವ್ರ ಯಜಮಾನ್ರೆ. ನಿಮ್ಗ ಗೊತ್ತಿಲ್ದೆ ಇದ್ದದ್ದಾ?"

ಹೆಂಡತಿ ಮಕ್ಕಳ ಮಾತು ಬಂತೆಂದರೆ ಯಾರೋ ಇವನನ್ನು ಹೆದರಿಸಿದ್ದಾರೆ ಎಂದಾಯಿತು. ಬಸವಣ್ಣನಿಗೆ ಇಷ್ಟು ತಾಕತ್ತು ಇದೆಯೆಂದು ಷಡಕ್ಷರಿಗೆ ಗೊತ್ತಿರಲಿಲ್ಲ. ಅವನು ಜೀಪು ಹತ್ತಿದ. ಊರಿಗೆ ಬರುವಾಗ ಅದು ಮತ್ತೆರಡು ಸಲ ಓಟ ಕಿತ್ತು, ಒಂದು ಕುರಿ ಮಂದೆಯನ್ನು ಮೂರು ಮಂದೆ ಮಾಡಿತು.

ಊಟಕ್ಕೆ ಕೂರುವ ಮೊದಲು ಷಡಕ್ಷರಿಗೆ ಒಂದು ಉಪಾಯ ಹೊಳೆಯಿತು. ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಾನೆಟ್ಟಿನ ಕೊಂಡಿಯ ಅಡಿಗೆ, ಮೇಲಿನಿಂದ ಕಾಣದಂತೆ, ದಪ್ಪಗೆ ಬಳಿದ. ಇನ್ನು ಗಾಡಿಗೆ ಕೈ ಹಾಕಿದವನ ಬೆರಳು ತಾನಾಗಿ ಸಾಕ್ಷಿ ಹೇಳುತ್ತದೆ. ಹೀಗೆಂದುಕೊಂಡು ಅವನು ಆ ದಿನ ಮೊದಲ ಬಾರಿಗೆ ನೆಮ್ಮದಿಯಿಂದ ಮುದ್ದೆ ಉಂಡ. ಉಂಡು ಒಂದು ಗಳಿಗೆ ಒರಗಿದ. ಅವನ ತಾಯಿ ಚನ್ನಮಲ್ಲಮ್ಮ ಮೊಮ್ಮಗಳ ಒಳಿತಿಗೆಂದು ಉಪವಾಸವಿದ್ದು ದೇವರ ಕೋಣೆಗೂ ಅಂಗಳಕ್ಕೂ ಓಡಾಡುತ್ತಿದ್ದಳು. ಶಿವಮಲ್ಲಮ್ಮ ಒಬ್ಬಟ್ಟಿನ ಕಣಕ ನಾದುತ್ತಾ, ಹೊತ್ತಾಯಿತು ಏಳಿ ಎಂದು ಕೂಗಿದಳು.

ದಿಂಬಂಗೆ ಹೋಗುವಾಗ ಅವನು ಬಸವಣ್ಣನನ್ನು ಬಲವಂತವಾಗಿ ಜೊತೆಗೆ ಕರೆದುಕೊಂಡ. ಶತ್ರು ಕಣ್ಣೆದುರಿಗೆ ಇದ್ದರೆ ವಾಸಿ. ಬಸವಣ್ಣನ ಬೆರಳುಗಳನ್ನು ಆಗಲೇ ನೋಡಿದ್ದ, ಸ್ವಚ್ಛವಾಗಿದ್ದವು. ಕೈ ತೊಳೆದುಕೊಂಡಿದ್ದಾನೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ. ಪಾಪ, ಬಸವಣ್ಣ ದಾರಿಯುದ್ದಕ್ಕೂ ಎರಡು ಕೈಯನ್ನೂ ಬಾವನಿಗೆ ಕಾಣುವಂತೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಪ್ರತಿ ಹಳ್ಳಕ್ಕೂ ಜೀಪು ಹಾರಿದಾಗ ಹಿಡಿದುಕೊಳ್ಳಲು ಏನೂ ಇಲ್ಲದೆ ಮೇಲಿನ ಕಂಬಿಗೆ ತಲೆ ಬಡಿಸಿಕೊಂಡ.

ಬಂಗಾರಮ್ಮ ದಿಂಬಂನ ಟೀ ಅಂಗಡಿಯ ಬೆಂಚಿನಲ್ಲಿ ಕುಳಿತಿದ್ದಳು. ಭಾರಿ ಹೆಂಗಸು, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಪ್ರಶ್ನೆ. ಗಂಡ ಪಕ್ಕದಲ್ಲಿ ಚೀಲದ ಹಾಗೆ ಕುಳಿತಿದ್ದ. ಅವನು ಮಾತಾಡಿದ್ದನ್ನು ಅಂದು ಯಾರೂ ಕೇಳಲಿಲ್ಲ. ಬಂಗಾರಮ್ಮ ಜೀಪಿನ ಸುತ್ತ ಒಂದು ಸುತ್ತು ಬಂದು, ಹೋದ ಸಲ ಬಂದವರು ನಡೆದುಕೊಂಡು ವಾಪಸಾದದ್ದು ತನ್ನ ಕಿವಿಗೂ ಬಿದ್ದಿದೆ ಎಂದಳು. ಷಡಕ್ಷರಿ ಅದು ಹಳೆಯ ಕತೆ ಎಂದು ನಕ್ಕು, ಗುಂಡಿಯನ್ನು ಹೆಬ್ಬೆರಳಿನಷ್ಟು ಮಾತ್ರ ಎಳೆದು, ಶಿವನಾಮ ಹೇಳುತ್ತಾ ಹೊರಟ.

ತಾಳಮಲೆಯವರೆಗೂ ಜೀಪು ಹೇಗೋ ಮರ್ಯಾದೆ ಉಳಿಸಿತು. ಅಲ್ಲಿ ಕಾಡಿನ ಗೇಟು. ಗಾರ್ಡು ಬಿಳಿಗಿರಿ ಗೇಟು ಇಳಿಸಲೆಂದು ಹಗ್ಗಕ್ಕೆ ಕೈ ಹಾಕಿದ್ದ. ಗೇಟಿನ ಮುಂದೆ ಸರಿಯಾಗಿ ಒಂದು ಹಳ್ಳ ಬಿದ್ದಿತ್ತು. ಚಕ್ರ ಅದರೊಳಗೆ ಇಳಿದು ಎದ್ದದ್ದೇ ತಡ, ಇಂಜಿನ್ನು ಕಿರುಚಿತು, ಜೀಪು ಇಳಿಯುತ್ತಿದ್ದ ಗೇಟಿನ ಅಡಿಯಲ್ಲಿ ನುಸುಳಿ ಹಾರಿತು. ಬಿಳಿಗಿರಿ ಪೀಪಿ ಊದುತ್ತಾ ಬೆನ್ನುಹತ್ತಿದ. ಷಡಕ್ಷರಿ ಕೈಬ್ರೇಕು ಎಳೆದು ನಿಲ್ಲಿಸುವ ಹೊತ್ತಿಗೆ ಬಂಗಾರಮ್ಮನ ವಿಭೂತಿ ಅವಳ ಗಂಡನ ಹೆಗಲಿಗೆ ಬಂದಿತ್ತು.

ಗೇಟಿನಲ್ಲಿ ನಿಲ್ಲದೆ ಓಡುವ ಗಾಡಿಯಲ್ಲಿ ಏನಿರುತ್ತದೆ ಎಂಬುದು ಆ ಕಾಡಿನಲ್ಲಿ ಎಲ್ಲರಿಗೂ ಗೊತ್ತು. ಶ್ರೀಗಂಧ ಎಲ್ಲಿಟ್ಟಿದ್ದೀರಿ ಎಂದು ಬಿಳಿಗಿರಿ ಬೀಗರ ಎದುರಿಗೇ ಕೇಳಿದ. ಸೀಟು ಎತ್ತಿಸಿದ. ಬಂಗಾರಮ್ಮನ ಹಣ್ಣಿನ ಬುಟ್ಟಿ ತಡಕಿದ. ಷಡಕ್ಷರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊನೆಗೆ ಬಿಳಿಗಿರಿ ಬಾನೆಟ್ ಎತ್ತಿ ತಲೆ ಒಳಗಿಟ್ಟ.

ತಲೆ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಟೋಪಿ ಕೈಯಲ್ಲಿತ್ತು, ಮುಖ ಬೆಕ್ಕಿನಂತೆ ಸಾಧುವಾಗಿತ್ತು, ಎರಡು ಕಣ್ಣಿನ ಸುತ್ತಲೂ ಕಪ್ಪು ಹತ್ತಿತ್ತು. ಬಾನೆಟ್ಟನ್ನು ಸದ್ದಾಗದಂತೆ ಮುಚ್ಚಿ, ಓಗ್ಬುಟ್ಟು ಬನ್ನಿ ಎಂದು ಕೈ ಮುಗಿದು ದಾರಿ ಬಿಟ್ಟ. ಇವನನ್ನೂ ಕೊಂಡುಕೊಂಡಿದ್ದಾರೆ ಎಂದು ಷಡಕ್ಷರಿಗೆ ಖಾತ್ರಿಯಾಯಿತು. ಬಸವಣ್ಣನ ಕೈ ಸರ್ಕಾರದವರೆಗೂ ಹೋಗಿದೆ.

ಆದರೆ ಅನುಮಾನ ಈಗ ಅವನೊಬ್ಬನ ಸ್ವತ್ತಾಗಿ ಉಳಿದಿರಲಿಲ್ಲ. ಬಂಗಾರಮ್ಮ ಅಲ್ಲಿಂದ ಮುಂದೆ ಬಾನೆಟ್ಟನ್ನೇ ದಿಟ್ಟಿಸುತ್ತಾ ಕುಳಿತಳು. ತಿಗನಾರೆಯಲ್ಲಿ ಮನೆಯ ಮುಂದೆ ಜೀಪು ನಿಂತಾಗ ಶಿವಮಲ್ಲಮ್ಮ ಆರತಿ ತಟ್ಟೆ ಹಿಡಿದು ಬಂದಳು. ಬಾಗಿಲ ಮರೆಯಲ್ಲಿ ಹೊಸ ಸೀರೆಯ ಸಣ್ಣಮ್ಮ ನಿಂತಿದ್ದಳು. ಶಿವಶಂಕರಪ್ಪನೂ ಬೇಲಿ ದಾಟಿ ಬಂದ. ಬಂಗಾರಮ್ಮ ಇಳಿಯಲಿಲ್ಲ.

"ಪೊಲೀಸ್ನಂತವ್ನು ಒಳಗ ನೋಡ್ಬುಟ್ಟು ಕೈ ಮುಗ್ದು ಕಳುಸ್ದ ಅಂದ್ರೆ ಅದ್ರೊಳಗ ಏನೋ ಅದ. ಅದೇನು ಅಂತ ಏಳೋಗಂಟ ನಾ ಈ ಮನೆ ಒಸ್ಲು ತುಳ್ಯಾಕಿಲ್ಲ."

ಸಣ್ಣಮ್ಮ ಮುಖ ಮುಚ್ಚಿಕೊಂಡಳು. ಅದನ್ನು ಕಂಡು ಷಡಕ್ಷರಿಗೆ ನಿಜವಾಗಿ ರೇಗಿತು. ಇಷ್ಟು ದಿನ ತಡೆದುಕೊಂಡಿದ್ದು ಸಾಕು. ಅವನು ಅಂಗಳದ ನಡುವೆ ಕುಂಟುತ್ತಾ ಬಂದು ನಿಂತು, ಈ ಗಾಡಿಗೆ ಗುಟ್ಟಾಗಿ ಕೈ ಹಾಕಿದ ದ್ರೋಹಿ ಇಲ್ಲೇ ಇದ್ದಾನೆ, ಅವನ ಬೆರಳಿಗೆ ಮಸಿ ಹತ್ತಿದೆ, ಎಲ್ಲರೂ ಕೈ ತೋರಿಸಿ ಎಂದು ಗುಡುಗಿದ. ಬಸವಣ್ಣ ಅಭ್ಯಾಸಬಲದಿಂದ ಎರಡೂ ಕೈ ಎತ್ತಿದ. ಶಿವಶಂಕರಪ್ಪ ಅಂಗೈ ಚಾಚಿದ. ಬಂಗಾರಮ್ಮನ ಗಂಡ ಕೂಡ ಯಾಕೋ ಎರಡು ಕೈ ಮುಂದೆ ಮಾಡಿದ. ಯಾರ ಬೆರಳಿಗೂ ಮಸಿ ಇರಲಿಲ್ಲ.

ಅಷ್ಟರಲ್ಲಿ ಚನ್ನಮಲ್ಲಮ್ಮ ದೇವರ ಕೋಣೆಯಿಂದ ಹೊರಬಂದಳು. ಬಾಯಿ ತುಂಬ ನಗು, ಬೆರಳ ತುಂಬ ಮಸಿ, ಕಣ್ಣು ರೆಪ್ಪೆಗಳೆರಡೂ ಕಾಡಿಗೆ ತೀಡಿದ ಹಾಗೆ ಕಪ್ಪು.

"ಅವ್ವಾ, ನೀನಾ?" ಎಂದ ಷಡಕ್ಷರಿ.

"ನಾನೇ ಕಣಪ್ಪ. ಬೀಗ್ರು ಬರೋ ದಿನ ಅಂತ ಮದ್ಯಾನ ಇನ್ನೊಂದ್ಕಾಸು ಸೇರ್ಸಿ ಕಣ್ಗೊತ್ಕಂಡು ಬಂದೆ. ಯಾಕಪ್ಪ?"

ಬಾನೆಟ್ ಎತ್ತಿದರು. ಷಡಕ್ಷರಿ ಜೀಪು ಕೊಂಡ ಮೇಲೆ ಮೊದಲ ಬಾರಿಗೆ ಯಾರ ಕೈಯನ್ನೂ ನೋಡದೆ ಇಂಜಿನ್ನನ್ನು ನೋಡಿದ. ಕರಿ ಗುಂಡಿಯಿಂದ ಬಂದ ವೈರು ಕಾರ್ಬೊರೇಟರಿಗೆ ಸೇರುವ ಕಡೆ, ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪಿನ ಗಂಟೊಂದು ಬೇಲದ ಹಣ್ಣಿನಷ್ಟು ದಪ್ಪಗೆ ತೂಗುತ್ತಿತ್ತು. ದಾರಿ ಸಪಾಟಾಗಿದ್ದರೆ ಅದು ಸುಮ್ಮನೆ ಇರುತ್ತಿತ್ತು. ಹಳ್ಳ ಬಂದರೆ ಜಗ್ಗುತ್ತಿತ್ತು, ವೈರನ್ನೂ ಜಗ್ಗುತ್ತಿತ್ತು. ಲಿಂಗಯ್ಯ ನೋಡಿದ್ದ, ಶಿವಶಂಕರಪ್ಪ ಯಾವತ್ತೋ ನೋಡಿದ್ದ, ಬಸವಣ್ಣನೂ ನೋಡಿದ್ದ. ದೇವರ ಮುಡಿಪನ್ನು ಯಾರು ಮುಟ್ಟುತ್ತಾರೆ? ಯಜಮಾನನೇ ಕಟ್ಟಿದ್ದಾನೆಂದು ಎಲ್ಲರೂ ಕೈಮುಗಿದು ಸುಮ್ಮನಾಗಿದ್ದರು.

ಚನ್ನಮಲ್ಲಮ್ಮ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಗಾಡಿ ತಂದ ದಿನ ಮಗನೇ ಬಾನೆಟ್ ಎತ್ತಿಸಿ, ಈ ಗಾಡಿಯ ಜೀವವೆಲ್ಲ ಈ ವೈರಿನಲ್ಲಿದೆ ಎಂದು ಬೆರಳಿಟ್ಟು ತೋರಿಸಿದ್ದ. ಕುಂಟುಗಾಲಿನ ಮಗ ಗಾಡಿ ಓಡಿಸುತ್ತಾನಲ್ಲ ಎಂದು ತಾಯಿಯ ಜೀವ ತಡೆಯದೆ, ಜೀವ ಇದ್ದ ಕಡೆಯೇ ಮುಡಿಪು ಕಟ್ಟಿದ್ದಳು.

"ಈ ಗಾಡಿ ಒಂದ್ವರ್ಸ ಒಂದು ತಂಟೆನೂ ಮಾಡ್ದೆ ಓಡ್ಲಿ, ನಿನ್ನ ಬೆಟ್ಟಕ್ಕ ಬಂದು ಬಿಚ್ತೀನಿ ಅಂತ ಮಾದಪ್ಪನ್ಗ ಏಳ್ಕಂಡಿವ್ನಿ. ತಂಟೆ ಮಾಡ್ದಾಗೆಲ್ಲ ಒಂದೊಂದು ಕಾಸು ಸೇರ್ಸ್ತಾನೇ ಅವ್ನಿ. ಆದ್ರೂ ಮಾದಪ್ಪ ಕಣ್ಬುಡ್ನಿಲ್ಲ ಕಣಪ್ಪ."

ಷಡಕ್ಷರಿ ಸ್ವರ ತಗ್ಗಿಸಿ, ಗಂಟನ್ನು ವೈರಿನಿಂದ ಬಿಚ್ಚಿ ಕನ್ನಡಿಗೋ ಸ್ಟೀರಿಂಗಿಗೋ ಕಟ್ಟಿದರೆ ಆಗದೇ ಎಂದು ಕೇಳಿದ. ಅಂಗಳದಲ್ಲಿ ಇದ್ದವರೆಲ್ಲ ಒಟ್ಟಿಗೇ ಕೆನ್ನೆ ಬಡಿದುಕೊಂಡರು. ಕಟ್ಟಿದ ಮುಡಿಪನ್ನು ಹರಕೆ ಫಲಿಸುವ ಮೊದಲು ಬಿಚ್ಚುವುದುಂಟೇ. ಮಗಳ ಮದುವೆಯ ಹೊತ್ತಿನಲ್ಲಿ ಇಂಥ ಮಾತೇ ಎಂದು ಶಿವಮಲ್ಲಮ್ಮ ಅವನ ಬಾಯಿ ಮುಚ್ಚಿಸಿದಳು.

ಜೀಪಿನಿಂದ ಬಂಗಾರಮ್ಮ ಇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಅನುಮಾನಪಟ್ಟದ್ದು ತಪ್ಪಾಯಿತು ಎಂದು ಚನ್ನಮಲ್ಲಮ್ಮನ ಕಾಲಿಗೆ ಬಿದ್ದಳು. ಗಾಡಿಯನ್ನೂ ದೇವರಿಗೆ ಒಪ್ಪಿಸಿದ ಇಂಥ ಮನೆಯ ಹೆಣ್ಣನ್ನು ಬಿಟ್ಟು ಬೇರೆ ಹೆಣ್ಣು ತನಗೆ ಬೇಡ ಎಂದಳು. ಷಡಕ್ಷರಿಯ ಎದೆ ಹಗುರಾಯಿತು. ಹೋದರೆ ಹೋಗಲಿ ಜೀಪು, ಮಗಳು ಗೆದ್ದಳು. ಬಸವಣ್ಣನನ್ನು ಅಪ್ಪಿಕೊಳ್ಳೋಣ ಎನ್ನುವಷ್ಟು ಅವನಿಗೆ ಸಂತೋಷವಾಯಿತು.

ಬಂಗಾರಮ್ಮ ಸೊಂಟದ ಚೀಲದಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ಕಣ್ಣಿಗೊತ್ತಿಕೊಂಡಳು. ಯಾರಾದರೂ ತಡೆಯುವ ಮೊದಲೇ ಅದನ್ನು ಸೆರಗಿನ ತುದಿಯ ಚೂರಿನಲ್ಲಿ ಸುತ್ತಿ, ಅದೇ ಗಂಟಿಗೆ ಬಿಗಿದು ಕಟ್ಟಿದಳು.

"ಮಾದಪ್ಪ, ಈ ಮುಡ್ಪು ಬಿಚ್ಚಿ ನಿನ್ಗ ಸಲ್ಲುಸ್ದ ಮಾರ್ನೆ ದಿನವೇ ನನ್ನ ಮಗನ್ಗ ಈ ಮನೆ ಎಣ್ಣು ತಂದ್ಕತೀನಿ. ಅಲ್ಲೀಗಂಟ ತಾಳಿ ಕಟ್ಸಾಕಿಲ್ಲ."

ಎಲ್ಲರೂ ಉಘೇ ಎಂದರು. ಷಡಕ್ಷರಿ ಒಬ್ಬನೇ ಲೆಕ್ಕ ಹಾಕಿದ. ಗಂಟು ಇರುವವರೆಗೆ ಗಾಡಿ ತಂಟೆ ಬಿಡದು; ತಂಟೆ ಬಿಡದೆ ಗಂಟು ಬಿಚ್ಚುವಂತಿಲ್ಲ; ಗಂಟು ಬಿಚ್ಚದೆ ಮಗಳ ಮದುವೆಯಿಲ್ಲ. ಗಂಟಾದರೋ ಈಗ ಇನ್ನೊಂದು ತೂಕ ಹೆಚ್ಚಾಗಿದೆ. ಸಣ್ಣಮ್ಮ ಬಾಗಿಲ ಮರೆಯಿಂದ ಅಪ್ಪನನ್ನೇ ನೋಡುತ್ತಿದ್ದಳು.

ಬೀಗರು ಒಬ್ಬಟ್ಟು ಉಂಡು ಒರಗಿದ ಮೇಲೆ ಅವನು ತಾಯಿಯ ಪಕ್ಕ ಬಂದು ಕುಳಿತು, ಗಾಡಿ ಓಡಬೇಕು ಎಂದಷ್ಟೇ ಹೇಳಿಕೊಂಡೆಯೋ, ಇಂಜಿನ್ನಿನಿಂದಲೇ ಓಡಬೇಕು ಎಂದು ಹೇಳಿಕೊಂಡೆಯೋ ಎಂದು ಕೇಳಿದ.

"ಓಡುದ್ರಾಯ್ತು ಕಣಪ್ಪ. ಯಾತ್ರಿಂದ ಓಡ್ತು ಅಂತ ಮಾದಪ್ಪ ಕೇಳಾಕಿಲ್ಲ" ಎಂದಳು.

ಮಾರನೆಯ ದಿನ ಬೆಳಿಗ್ಗೆ ತಿಗನಾರೆಯವರು ಬಾಗಿಲಿಗೆ ಬಂದು ನೋಡುವಾಗ, ಷಡಕ್ಷರಿ ಸ್ಟೀರಿಂಗ್ ಹಿಡಿದು, ಬಲಗಾಲು ಚಾಚಿಕೊಂಡು, ಎಲೆ ಅಡಿಕೆ ಮಡಿಸುತ್ತಾ ಸಾಗುತ್ತಿದ್ದ. ಬಂಪರಿಗೆ ಹಗ್ಗ ಬಿಗಿದು ಮನೆಯ ಜೋಡಿ ಎತ್ತು ಹೂಡಿತ್ತು. ಬಸವಣ್ಣ ಮುಂದೆ ನಡೆದುಕೊಂಡು ದಾರಿಯ ಹಳ್ಳಗಳಿಗೆ ಮಣ್ಣು ತುಂಬುತ್ತಿದ್ದ. ಜೀಪು ಕೆರೆಯ ತಿರುವನ್ನೂ, ಶಿವಶಂಕರಪ್ಪನ ಹುರುಳಿಯನ್ನೂ ಒಂದೇ ವೇಗದಲ್ಲಿ ದಾಟಿತು. ಇನ್ನು ಒಂದು ವರ್ಷ ಹೀಗೇ.

ಹದಿನೈದು ದಿನ ಕಳೆದಿಲ್ಲ, ಎಡಗಡೆಯ ಎತ್ತು ಬಲಗಡೆಯದಕ್ಕಿಂತ ಚೂರು ಬಿರುಸಾಗಿ ನಡೆಯುತ್ತಿದೆ ಎಂದು ಷಡಕ್ಷರಿಗೆ ಅನಿಸತೊಡಗಿದೆ. ಶಿವಶಂಕರಪ್ಪ ಕಣ್ಣು ತಪ್ಪಿಸಿ ಅದೊಂದಕ್ಕೇ ಹುರುಳಿ ತಿನ್ನಿಸುತ್ತಿರಬೇಕು.